ಫೋನ್ ಯಾವ್ದು ಅಂತ ಕೇಳ್ಬೇಡಿ, ಜಾಗ ಎಷ್ಟಿದೆ ಅಂತ ಕೇಳಿ

ನಮ್ಮೂರಿನ ಹಾಲಿನ ಡೈರಿಗೆ ಅಂತ ಒಂದು ಚಿಕ್ಕ ಆಪ್ ಮಾಡ್ಕೊಟ್ಟಿದ್ದೆ. ದೊಡ್ಡ ಕೆಲಸ ಏನಲ್ಲ, ಯಾವ ದಿನ ಎಷ್ಟು ಲೀಟರ್ ಹಾಕಿದ್ರಿ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಉಳಿದ ಗಟ್ಟಿ ಅಂಶ) ಎಷ್ಟು, ರೇಟೆಷ್ಟು, ದುಡ್ಡೆಷ್ಟು, ಅಷ್ಟೇ. ಆರು ಕಾಲಮ್ಮಿನ ಒಂದು ಟೇಬಲ್, ಕೆಳಗೆ ಒಂದು ಹಸಿರು ಬಟನ್, ನನ್ನ ಫೋನಲ್ಲಿ ಎಷ್ಟು ನೀಟಾಗಿ ಕೂತಿತ್ತು ಅಂದ್ರೆ ನಾನೇ ಎರಡ್ಮೂರು ಸಲ ತೆಗೆದು ನೋಡಿ ಖುಷಿಪಟ್ಟಿದ್ದೆ. ವಾರ ಕಳೆದ್ಮೇಲೆ ಚಿಕ್ಕಪ್ಪನ ಫೋನ್ ಬಂತು. "ಲೋ ಮಗ, ಎಲ್ಲಾ ಕಾಣ್ತದೆ, ದುಡ್ಡೊಂದೇ ಕಾಣ್ಸಲ್ವಲ್ಲೋ."

ಊರಿಗೆ ಹೋದಾಗ ಈಸ್ಕೊಂಡು ನೋಡ್ದೆ. ದುಡ್ಡಿನ ಕಾಲಂ ಪೂರ್ತಿ ಬಲಗಡೆ ಸ್ಕ್ರೀನಿಂದ ಆಚೆ ಹೋಗಿ ಕೂತಿದೆ, "ಒಟ್ಟು" ಅನ್ನೋ ಹೆಡಿಂಗಿನ ಒತ್ತು ಕೆಳಗಡೆ ಕತ್ತರಿಸಿ ಹೋಗಿ "ಒಟು" ಆಗಿದೆ, ಹಸಿರು ಬಟನ್ ಅರ್ಧ ಕೆಳಗಿನ ಗೆಸ್ಚರ್ ಗೆರೆ (ಆಪಿಂದ ಆಚೆ ಬರೋಕೆ ಬೆರಳಲ್ಲಿ ಮೇಲಕ್ಕೆಳೀತೀವಲ್ಲ, ಅದು) ಅಡಿಗೆ ಸಿಕ್ಕಿಹಾಕ್ಕೊಂಡಿದೆ. ಇದ್ರಲ್ಲಿ ನಂಗೆ ಅರ್ಥ ಆಗದೆ ಇದ್ದಿದ್ದು ಒಂದೇ, ಚಿಕ್ಕಪ್ಪನ ಫೋನು ನನ್ನ ಫೋನಿಗಿಂತ ದೊಡ್ಡದು! ಆರೂವರೆ ಇಂಚು. ದೊಡ್ಡ ಸ್ಕ್ರೀನಲ್ಲಿ ಜಾಗ ಜಾಸ್ತಿ ಇರ್ಬೇಕಿತ್ತಲ್ವಾ, ಕಮ್ಮಿ ಹೇಗಾಯ್ತು?

ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಬೇರೆಬೇರೆ ಸ್ಕ್ರೀನಿಗೆ ಲೇಔಟ್ ಮಾಡೋ, ಅಂದ್ರೆ ಯಾವ್ದು ಎಲ್ಲಿ ಎಷ್ಟು ಜಾಗದಲ್ಲಿ ಕೂರ್ಬೇಕು ಅಂತ ಜೋಡಿಸೋ ವಿಷಯ ಮುಕ್ಕಾಲು ಭಾಗ ಬಿಡಿಸ್ಕೊಳತ್ತೆ, ಹಾಗಾಗಿ ಅಲ್ಲಿಂದ್ಲೇ ಶುರು ಮಾಡ್ತೀನಿ.

ಮೊದ್ಲು ಡಿಪಿ. ವಾಟ್ಸಾಪ್ ಡಿಪಿ ಅಲ್ಲ ಮತ್ತೆ. ಆಂಡ್ರಾಯ್ಡಲ್ಲಿ ನಾವು ಅಳತೆ ಬರೆಯೋದು ಪಿಕ್ಸೆಲಲ್ಲಿ ಅಲ್ಲ, ಡಿಪಿ ಅನ್ನೋ ಒಂದು ಕಾಲ್ಪನಿಕ ಅಳತೇಲಿ. ಒಂದು ಇಂಚಿಗೆ 160 ಪಿಕ್ಸೆಲ್ ಇರೋ ಸ್ಕ್ರೀನಲ್ಲಿ 1 ಡಿಪಿ ಅಂದ್ರೆ 1 ಪಿಕ್ಸೆಲ್, 320 ಇರೋ ಕಡೆ 2 ಪಿಕ್ಸೆಲ್, 480 ಇರೋ ಕಡೆ 3. ಯಾಕೆ ಈ ಸರ್ಕಸ್ಸು ಅಂದ್ರೆ, ಪಿಕ್ಸೆಲ್ ಲೆಕ್ಕದಲ್ಲಿ ಬಟನ್ ಬರೆದ್ರೆ ಹಳೇ ಫೋನಲ್ಲಿ ಬೆರಳಗಲ ಇರೋದು ಹೊಸ ಫೋನಲ್ಲಿ ಸಾಸಿವೆ ಕಾಳಾಗಿಬಿಡತ್ತೆ, ಪಿಕ್ಸೆಲ್ಲುಗಳು ಅಷ್ಟು ಸಣ್ಣ ಆಗಿರತ್ವೆ. ಡಿಪಿಲಿ ಬರೆದ್ರೆ ಎಲ್ಲಾ ಕಡೆ ಕೈಗೆ ಹೆಚ್ಚುಕಮ್ಮಿ ಒಂದೇ ಅಳತೆ ಸಿಗತ್ತೆ.

ಈಗ ಲೆಕ್ಕ ಮಾಡಿ. 720 ಪಿಕ್ಸೆಲ್ ಅಗಲದ ಫೋನು, ಡೆನ್ಸಿಟಿ (ಒಂದಿಂಚಿಗೆ ಇಷ್ಟು ಪಿಕ್ಸೆಲ್ ಅಂತ ಫೋನು ಇಟ್ಕೊಂಡಿರೋ ನಂಬರು) 320 ಇದ್ರೆ ಅದ್ರ ಅಗಲ 360 ಡಿಪಿ. 1080 ಪಿಕ್ಸೆಲ್, ಡೆನ್ಸಿಟಿ 480, ಇದೂ 360 ಡಿಪಿನೇ. 1080ಕ್ಕೆ 420 ಡೆನ್ಸಿಟಿ ಆದ್ರೆ 411. ಇನ್ನೂ ದುಬಾರಿ ಫೋನು, 1440 ಪಿಕ್ಸೆಲ್, ಡೆನ್ಸಿಟಿ 560, ಅದೂ 411! ಅಂಗಡೀಲಿ "ಫುಲ್ ಎಚ್‌ಡಿ, ಕ್ವಾಡ್ ಎಚ್‌ಡಿ" ಅಂತ ಮಾರೋ ನಂಬರಿಗೂ ನಮ್ಮ ಲೇಔಟಿಗೆ ಸಿಗೋ ಜಾಗಕ್ಕೂ ಸಂಬಂಧಾನೇ ಇಲ್ಲ, ಪಿಕ್ಸೆಲ್ ಜಾಸ್ತಿ ಆದ್ರೆ ಅಕ್ಷರ ಚೂಪಾಗಿ ಕಾಣತ್ತೆ, ಜಾಗ ಬೆಳೆಯಲ್ಲ.

ಚಿಕ್ಕಪ್ಪನ ಫೋನು 720 ಪಿಕ್ಸೆಲಿಂದು, ಅಂದ್ರೆ 360 ಡಿಪಿ ಸಿಗ್ಬೇಕು. ಆದ್ರೆ ಅವ್ರಿಗೆ ಕಣ್ಣು ಸರಿಯಾಗಿ ಕಾಣಲ್ಲ ಅಂತ ಯಾರೋ ಹುಡುಗ ಸೆಟ್ಟಿಂಗ್ಸಿಗೆ ಹೋಗಿ ಡಿಸ್‌ಪ್ಲೇ ಸೈಜ್ ದೊಡ್ಡದು ಮಾಡಿಕೊಟ್ಟಿದ್ದ. ಆಂಡ್ರಾಯ್ಡ್ 7ರಿಂದ ಇರೋ ಸೆಟ್ಟಿಂಗ್ ಇದು, ಇದು ಮಾಡೋದೇನಂದ್ರೆ ಡೆನ್ಸಿಟಿ ನಂಬರನ್ನೇ ಏರಿಸಿಬಿಡತ್ತೆ, ಅವ್ರ ಫೋನಲ್ಲಿ 320 ಇದ್ದಿದ್ದು 360 ಆಗಿತ್ತು. 720ನ 2.25ರಿಂದ ಭಾಗಿಸಿ, 320 ಡಿಪಿ. 2008ರಲ್ಲಿ ಬಂದ ಮೊಟ್ಟಮೊದಲ ಆಂಡ್ರಾಯ್ಡ್ ಫೋನು, ಎಚ್‌ಟಿಸಿ ಡ್ರೀಮ್, ಅದ್ರ ಸ್ಕ್ರೀನು 3.2 ಇಂಚು, ಅಗಲ 320. ಅಂದ್ರೆ ಲೇಔಟ್ ಪ್ರಕಾರ ಚಿಕ್ಕಪ್ಪನ ಆರೂವರೆ ಇಂಚಿನ ಫೋನು ಆ ಪುಟಾಣಿ ಫೋನಿನಷ್ಟೇ ಅಗಲ. ಇದ್ರ ಜೊತೆಗೆ ಫಾಂಟ್ ಸೈಜೂ 1.3 ಪಟ್ಟು ಇಟ್ಟಿದ್ರು.

ನಾನು ಮಾಡಿದ್ ಘನಂದಾರಿ ಕೆಲಸ ಏನು ಅಂದ್ರೆ ಒಂದೊಂದು ಕಾಲಮ್ಮಿಗೂ 60 ಡಿಪಿ ಅಂತ ಕೈಯಾರೆ ಬರೆದಿದ್ದೆ. ನನ್ನ ಫೋನು 411, ಎರಡೂ ಕಡೆ 16 ಬಿಟ್ರೆ 379, ಆರು ಕಾಲಮ್ಮಿಗೆ 360 ಸಾಕು, ಆರಾಮಾಗಿ ಕೂರ್ತು. ಅವ್ರ ಫೋನಲ್ಲಿ ಎಡಗಡೆ 16 ಬಿಟ್ಟು ಐದು ಕಾಲಂ ಮುಗಿಯೋ ಹೊತ್ತಿಗೇ 316 ಆಯ್ತು, ಇನ್ನುಳಿದಿದ್ದು 4 ಡಿಪಿ, ಆ ನಾಕು ಡಿಪಿಲಿ ದುಡ್ಡೆಲ್ಲಿ ಕಾಣತ್ತೆ ಪಾಪ.

ಐಫೋನಿನವ್ರಿಗೆ ಈ ತಲೆನೋವು ತಡವಾಗಿ ಬಂತು. 2007ರ ಮೊದಲ ಐಫೋನು 320×480, 2010ರ ಐಫೋನ್ 4ರಲ್ಲಿ ಅಗಲಕ್ಕೂ ಉದ್ದಕ್ಕೂ ಪಿಕ್ಸೆಲ್ ಎರಡರಷ್ಟಾದ್ರೂ ಪಾಯಿಂಟ್ ಲೆಕ್ಕದಲ್ಲಿ ಅದೇ 320×480 (ಪಾಯಿಂಟ್ ಅಂದ್ರೆ ಅವ್ರ ಡಿಪಿ ಅನ್ಕೊಳಿ), 2012ರಲ್ಲಿ ಐಫೋನ್ 5 ಉದ್ದ ಮಾತ್ರ ಆಯ್ತು, ಅಗಲ ಮೊದಲ ಸಲ ಬದಲಾಗಿದ್ದು 2014ರಲ್ಲಿ, ಐಫೋನ್ 6ಕ್ಕೆ 375, ಪ್ಲಸ್ಸಿಗೆ 414. ಏಳು ವರ್ಷ ಒಂದೇ ಅಗಲ! ಡಿಸೈನರುಗಳು ಒಂದು ಅಳತೆಗೆ ಚಿತ್ರ ಬರೆದು "ಹೀಗೇ ಬರ್ಬೇಕು" ಅಂತ ಕೊಡೋ ಅಭ್ಯಾಸ ಬೆಳೆದಿದ್ದು ಆ ಕಾಲದಲ್ಲೇ ಅಂತ ನನ್ನ ಅನುಮಾನ, ಇವತ್ತಿಗೂ ಫಿಗ್ಮಾ ಅನ್ನೋ ಡಿಸೈನ್ ಟೂಲಿನ ಫೈಲಲ್ಲಿ ಒಂದೇ ಅಗಲದ ಫ್ರೇಮು ಕೊಟ್ಟು ಕೈತೊಳ್ಕೊಳೋರು ಎಷ್ಟಿಲ್ಲ.

ಸರಿ, 60 ತಪ್ಪು, ಹಾಗಾದ್ರೆ ಇರೋ ಜಾಗಾನ ಆರು ಸಮಪಾಲು ಮಾಡಿಬಿಡೋಣ, ವೆಯ್ಟ್ (ಯಾರಿಗೆ ಎಷ್ಟು ಪಾಲು ಅನ್ನೋ ನಂಬರು) ಕೊಟ್ರೆ ಆಯ್ತಲ್ಲ ಅಂತ ಯಾರಿಗಾದ್ರೂ ಅನ್ಸತ್ತೆ, ನಂಗೂ ಅನ್ಸಿತ್ತು. ಮಾಡಿ ನೋಡ್ದೆ. 320ರಲ್ಲಿ ಎರಡೂ ಕಡೆ 16 ಬಿಟ್ಟು ಉಳಿದ 288ನ ಆರಕ್ಕೆ ಹಂಚಿದ್ರೆ 48. ಅಕ್ಷರ 14 ಎಸ್‌ಪಿ, ಎಸ್‌ಪಿ ಅಂದ್ರೆ ಬಳಸೋರ ಫಾಂಟ್ ಸೆಟ್ಟಿಂಗಿಗೆ ತಕ್ಕಂತೆ ಹಿಗ್ಗೋ ಡಿಪಿ, ಅದು 1.3 ಪಟ್ಟಾಗಿ 18ರ ಆಸುಪಾಸು, ಆ ಸೈಜಲ್ಲಿ ಒಂದು ಅಂಕಿ ಸುಮಾರು 10 ಡಿಪಿ ತಿನ್ನತ್ತೆ. ಎಂಟೂವರೆ ಲೀಟರ್ ಹಾಲು, 33 ರೂಪಾಯಿ ರೇಟು, "280.50" ಅಂತ ತೋರಿಸ್ಬೇಕು, ಅದಕ್ಕೇ 55 ಬೇಕು. 48ರಲ್ಲಿ ಹಿಡಿಯಲ್ಲ, "280.5" ಒಂದು ಸಾಲು, ಕೊನೇ ಸೊನ್ನೆ ಕೆಳಗಿನ ಸಾಲಿಗೆ ಜಾರಿಬಿತ್ತು. ಕಾಣದೆ ಇದ್ದ ದುಡ್ಡು ಈಗ ತಪ್ಪಾಗಿ ಕಾಣೋ ಹಾಗಾಯ್ತು, ಅದಕ್ಕಿಂತ ಇದು ಅಪಾಯ.

ಇಲ್ಲಿ ಒಂದು ವ್ಯತ್ಯಾಸ ಗಟ್ಟಿಯಾಗಿ ಹಿಡ್ಕೋಬೇಕು. ಹಿಗ್ಗೋದು ಕುಗ್ಗೋದು ಒಂದು, ರೂಪ ಬದಲಾಯಿಸೋದು ಇನ್ನೊಂದು. ಹಿಗ್ಗಿಸಿ ಕುಗ್ಗಿಸೋಕೆ ವೆಯ್ಟು, ಕನ್ಸ್‌ಟ್ರೈಂಟ್ ಲೇಔಟು, ಫ್ಲಟ್ಟರಲ್ಲಿ (ಗೂಗಲ್ಲಿನ ಆಪ್ ಕಟ್ಟೋ ಟೂಲು) ಎಕ್ಸ್‌ಪ್ಯಾಂಡೆಡ್ಡು, ಐಓಎಸ್ಸಲ್ಲಿ ಆಟೋ ಲೇಔಟು ಎಲ್ಲಾ ಇದ್ದಾವೆ, ಇವೆಲ್ಲದರ ಹಿಂದಿರೋ ಯೋಚನೆ ಒಂದೇ, "ಈ ಬಟನ್ ಎಡದಿಂದ 240ರಲ್ಲಿ ಇರ್ಲಿ" ಅನ್ನೋ ಬದ್ಲು "ಈ ಬಟನ್ ಬಲ ಅಂಚಿಗೆ ಅಂಟ್ಕೊಂಡಿರ್ಲಿ, ಹೆಸರು ಉಳಿದ ಜಾಗ ತುಂಬ್ಕೊಳ್ಳಿ" ಅಂತ ಸಂಬಂಧ ಹೇಳೋದು. ಫ್ಲಟ್ಟರಲ್ಲಿ ಇದು ತುಂಬಾ ಚೆನ್ನಾಗಿ ಅರ್ಥ ಆಗತ್ತೆ, ಅಲ್ಲಿ ಸ್ಕ್ರೀನಿನ ಒಂದೊಂದು ತುಂಡೂ ಒಂದು ವಿಜೆಟ್ಟು, ಹೊರಗಿನ ಪೇರೆಂಟ್ ವಿಜೆಟ್ಟು ಒಳಗಿರೋ ಮಗೂಗೆ "ಇಷ್ಟರೊಳಗೆ ಖರ್ಚು ಮುಗಿಸು" ಅಂತ ಮಿತಿ ಹೇಳತ್ತೆ, ಮಗು "ನಂಗೆ ಇಷ್ಟು ಬೇಕು" ಅಂತ ವಾಪಸ್ ಹೇಳತ್ತೆ, ಎಲ್ಲಿ ಕೂರ್ಬೇಕು ಅನ್ನೋದನ್ನ ಮತ್ತೆ ಪೇರೆಂಟೇ ತೀರ್ಮಾನ ಮಾಡತ್ತೆ. ಮಕ್ಕಳೆಲ್ಲಾ ಸೇರಿ ಮಿತಿ ಮೀರಿದ್ರೆ ಡೀಬಗ್ ಮೋಡಲ್ಲಿ, ಅಂದ್ರೆ ನಾವಿನ್ನೂ ಆಪ್ ಮಾಡ್ತಾ ಓಡಿಸಿ ನೋಡೋವಾಗ, ಹಳದಿ ಕಪ್ಪು ಪಟ್ಟೆ ಬಂದು ಇಷ್ಟು ಪಿಕ್ಸೆಲ್ ಆಚೆ ಹೋಯ್ತು ಅಂತ ಮಾನ ಕಳೆಯತ್ತೆ. ಫ್ಲಟ್ಟರ್ ಮಾಡೋರಲ್ಲಿ ಈ ಪಟ್ಟೆ ನೋಡದೆ ಇರೋರು ಯಾರೂ ಸಿಗಲ್ಲ.

ಆದ್ರೆ ಕುಗ್ಗೋದಕ್ಕೂ ಒಂದು ಮಿತಿ ಇದೆ, ಬೆರಳಂತೂ ಕುಗ್ಗಲ್ಲ. ಒತ್ತೋ ಜಾಗ ಆಂಡ್ರಾಯ್ಡಲ್ಲಿ ಕನಿಷ್ಠ 48 ಡಿಪಿ, ಆಪಲ್ಲಿನವ್ರು ಹೇಳೋದು 44 ಪಾಯಿಂಟು, ಇದನ್ನ ಮಾತ್ರ ಎಷ್ಟೇ ಸಣ್ಣ ಸ್ಕ್ರೀನಿರ್ಲಿ ಮುಟ್ಟೋ ಹಾಗಿಲ್ಲ. ಮಿತಿ ಬಂದ್ಮೇಲೆ ರೂಪಾನೇ ಬದಲಾಗ್ಬೇಕು. ಡೈರಿ ಆಪಲ್ಲಿ ನಾನು ಕೊನೆಗೆ ಮಾಡಿದ್ದು ಅದನ್ನೇ, ಜಾಗ ಸಾಲದೆ ಇದ್ದಾಗ ಟೇಬಲ್ ತೆಗೆದು ದಿನಕ್ಕೊಂದು ಕಾರ್ಡು, ಮೊದಲ ಸಾಲಲ್ಲಿ ಎಡಕ್ಕೆ ತಾರೀಖು ಬಲಕ್ಕೆ ದೊಡ್ಡದಾಗಿ ದುಡ್ಡು, ಕೆಳಗೆ ಸಣ್ಣಗೆ ಲೀಟರು ಫ್ಯಾಟು ಎಸ್‌ಎನ್‌ಎಫ್ಫು ರೇಟು, ಹಿಡಿಯದಿದ್ರೆ ಇನ್ನೊಂದು ಸಾಲಿಗೆ ಇಳಿಯತ್ತೆ, ಇಳೀಲಿ.

ಯಾವಾಗ ಬದಲಾಗ್ಬೇಕು ಅನ್ನೋದೇ ಮುಖ್ಯ ಪ್ರಶ್ನೆ. "ಇದು ಸಣ್ಣ ಫೋನಾ" ಅಂತ ಕೇಳಿದ್ರೆ ಚಿಕ್ಕಪ್ಪನ ಫೋನು "ಇಲ್ಲಪ್ಪ, ಆರೂವರೆ ಇಂಚು" ಅಂತ ಹೇಳಿ ಮತ್ತೆ ಮೋಸ ಮಾಡತ್ತೆ. ಹಾಗಾಗಿ ನಾನು ಕೇಳಿದ್ದು, ಈ ಟೇಬಲ್ಲಿಗೆ ಎಷ್ಟು ಜಾಗ ಬೇಕು, ಈಗ ಎಷ್ಟಿದೆ? ಬೇಕಿರೋದು ಮಾಮೂಲಿ ಫಾಂಟಲ್ಲಿ 360, ಫಾಂಟು 1.3 ಪಟ್ಟಾದ್ರೆ 468. ಇರೋದು ಅದಕ್ಕಿಂತ ಕಮ್ಮಿ ಅಂದ್ರೆ ಕಾರ್ಡು. ಫ್ಲಟ್ಟರಲ್ಲಿ ಲೇಔಟ್ ಬಿಲ್ಡರು, ಆಂಡ್ರಾಯ್ಡಿನ ಕಂಪೋಸ್ ಅನ್ನೋ ಟೂಲಲ್ಲಿ ಬಾಕ್ಸ್ ವಿತ್ ಕನ್ಸ್‌ಟ್ರೈಂಟ್ಸು ಈ ಇರೋ ಜಾಗದ ನಂಬರ್ ಕೊಡತ್ವೆ. ಫಾಂಟಿನ ಗುಣಾಕಾರ ಮಾತ್ರ ನೀವೇ ಮಾಡೋಕೆ ಹೋಗ್ಬೇಡಿ, ಆಂಡ್ರಾಯ್ಡ್ 14ರಿಂದ ಫಾಂಟ್ 200 ಪರ್ಸೆಂಟ್ ತನಕ ಏರಿಸ್ಬಹುದು, ಅಲ್ಲಿ ಸಣ್ಣ ಅಕ್ಷರ ಹಿಗ್ಗಿದಷ್ಟು ದೊಡ್ಡ ಅಕ್ಷರ ಹಿಗ್ಗಲ್ಲ, 14 ಎಸ್‌ಪಿ ಈಗ ಎಷ್ಟು ಡಿಪಿ ಆಯ್ತು ಅಂತ ಸಿಸ್ಟಮ್ಮನ್ನೇ ಕೇಳಿ ಅದ್ರ ಮೇಲೆ ಲೆಕ್ಕ ಹಾಕ್ಬೇಕು. ಇನ್ನು ಕೆಲವ್ರು "ಫಾಂಟ್ ಸ್ಕೇಲ್ 1ಕ್ಕೆ ಲಾಕ್ ಮಾಡ್ಬಿಡಿ, ಲೇಔಟ್ ಒಡೆಯಲ್ಲ" ಅಂತ ಸಲಹೆ ಕೊಡ್ತಾರೆ. ಲೇಔಟ್ ಒಡೆಯಲ್ಲ ನಿಜ, ಕಣ್ಣು ಮಂಜಾಗಿ ಫಾಂಟ್ ದೊಡ್ಡದು ಮಾಡ್ಕೊಂಡಿರೋರಿಗೆ ನಿಮ್ಮ ಆಪ್ ಒಂದೇ ಓದೋಕಾಗಲ್ಲ, ಅಷ್ಟೇ.

ಈಗ ಆ "ಒಟು" ವಿಷಯಕ್ಕೆ ಬರೋಣ, ಇದು ನಮ್ಮದೇ ಸಂಕಟ. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಇಳಿಯೋದು ಅಂದ್ರೆ ಜಿ, ವೈ, ಪಿ ಥರದವುಗಳ ಬಾಲ ಅಷ್ಟೇ. ಕನ್ನಡದಲ್ಲಿ ಒತ್ತಕ್ಷರ ಪೂರ್ತಿ ಕೆಳಗೆ ಕೂರತ್ತೆ, "ರಾಷ್ಟ್ರ" ಅಂತ ಬರೆದ್ರೆ ಒತ್ತಿನ ಪಕ್ಕ ಇನ್ನೊಂದು ಒತ್ತು, ಮೇಲ್ಗಡೆ ಗುಣಿತದ ಗುಡಿಸು, ಏತ್ವಗಳು ಬೇರೆ. ಬಟನ್ನಿಗೋ ಹೆಡಿಂಗಿಗೋ ಎತ್ತರ 32 ಡಿಪಿ ಅಂತ ಫಿಕ್ಸ್ ಮಾಡಿದ್ರೆ ಇಂಗ್ಲಿಷಲ್ಲಿ ಚಂದ ಕಾಣತ್ತೆ, ಕನ್ನಡಕ್ಕೆ ಬದಲಾಯಿಸಿದ ತಕ್ಷಣ ಒತ್ತು ಕತ್ತರಿಸತ್ತೆ, "ರದ್ದು" ಹೋಗಿ "ರದು" ಆಗತ್ತೆ. ಇದಕ್ಕೆ ಮದ್ದು ತುಂಬಾ ಸರಳ, ಎತ್ತರ ಫಿಕ್ಸ್ ಮಾಡ್ಬೇಡಿ, ಕನಿಷ್ಠ ಎತ್ತರ ಅಂತ ಕೊಡಿ, ಒಳಗಿರೋ ಅಕ್ಷರಕ್ಕೆ ಬೇಕಾದಷ್ಟು ಬೆಳೀಲಿ. ಅಂದ್ರೆ ಮಿನ್ ಹೈಟ್ 48, ಹೈಟ್ ರ‍್ಯಾಪ್ ಕಂಟೆಂಟ್, ಮೇಲೆ ಕೆಳಗೆ ಪ್ಯಾಡಿಂಗ್. ಲೈನ್ ಹೈಟೂ ಇಂಗ್ಲಿಷ್ ಡಿಸೈನಿಂದ ತಂದು ಹಾಗೇ ಅಂಟಿಸಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರತ್ತೆ, ಸ್ವಲ್ಪ ಸಡಿಲ ಬಿಡಿ.

ಆಂಡ್ರಾಯ್ಡಿನವ್ರಿಗೂ ಇದು ಹಳೇ ತಲೆನೋವೇ. ಎತ್ತರ ಜಾಸ್ತಿ ಬೇಕಾಗೋ ಲಿಪಿಗಳು ಇಂಗ್ಲಿಷಿಗೆ ಅಂತ ಮಾಡಿದ ಲೇಔಟುಗಳನ್ನ ಒಡೆಯದೆ ಇರ್ಲಿ ಅಂತ ಸಿಸ್ಟಮಲ್ಲಿ ಕಾಂಪ್ಯಾಕ್ಟ್ ಫಾಂಟ್ ಅಂತ ಇಟ್ಟಿದ್ರು, ಹಿಂಡಿ ಕೂರಿಸಿದ ಅಕ್ಷರ. ಬೇಡ ಅನ್ನೋರಿಗೆ ಎಲಿಗಂಟ್ ಟೆಕ್ಸ್ಟ್ ಹೈಟ್ ಅಂತ ಒಂದು ಸ್ವಿಚ್ಚು ಇತ್ತು. ಈಗ ಆಂಡ್ರಾಯ್ಡ್ 15ನ ಟಾರ್ಗೆಟ್ ಮಾಡೋ (ಆ ವರ್ಶನ್ನಿನ ನಿಯಮಕ್ಕೆ ತಕ್ಕಂತೆ ಮಾಡಿದ್ದು ಅಂತ ಹೇಳ್ಕೊಳೋ) ಆಪುಗಳಿಗೆ ಆ ಸ್ವಿಚ್ಚು ತಾನಾಗೇ ಆನ್, ಇದು ಅನ್ವಯ ಆಗೋ ಲಿಪಿಗಳ ಪಟ್ಟೀಲಿ ತಮಿಳು, ತೆಲುಗು, ಮಲಯಾಳಂ ಜೊತೆ ಕನ್ನಡಾನೂ ಇದೆ. ಅಂದ್ರೆ ನೀವು ಟಾರ್ಗೆಟ್ ವರ್ಶನ್ ಏರಿಸಿದ ದಿನ ಲೇಔಟಲ್ಲಿ ಒಂದಕ್ಷರ ಮುಟ್ಟದೇ ಇದ್ರೂ ಸಾಲುಗಳ ಎತ್ತರ ಬದಲಾಗ್ಬಹುದು, ಎತ್ತರ ಫಿಕ್ಸ್ ಮಾಡಿಟ್ಟಿರೋ ಕಡೆ ಅವತ್ತು ಹುಳುಕು ಆಚೆ ಬರತ್ತೆ.

ಉದ್ದದ್ದು ಇನ್ನೊಂದು ಕಥೆ. ಕನ್ನಡದಲ್ಲಿ ಪ್ರತ್ಯಯ ಎಲ್ಲಾ ಪದಕ್ಕೇ ಅಂಟೋದ್ರಿಂದ ಒಂದೇ ಪದ ರೈಲಿನ ಥರ ಉದ್ದ ಆಗತ್ತೆ, ಮಧ್ಯೆ ಸ್ಪೇಸ್ ಇಲ್ಲ, ಕಿರಿದಾದ ಬಟನ್ನಲ್ಲಿ ಹಿಡಿಯದೆ ಇದ್ರೆ ಪದದ ನಡುವೆ ಎಲ್ಲೋ ತುಂಡಾಗತ್ತೆ. "ತೆಗೆದುಹಾಕಲಾಗುತ್ತಿದೆ" ಅಂತ ಒಂದು ಚಿಕ್ಕ ಬಟನ್ನಲ್ಲಿ ಹಾಕಿ ನೋಡಿ ಗೊತ್ತಾಗತ್ತೆ. ನನ್ನ ಪ್ರಕಾರ ಇದು ಅರ್ಧ ಲೇಔಟ್ ಸಮಸ್ಯೆ, ಅರ್ಧ ಭಾಷೆ ಸಮಸ್ಯೆ. ಅನುವಾದ ಮಾಡೋರಿಗೆ ಬಟನ್ ಎಷ್ಟಗಲ ಅಂತ ಯಾರೂ ತೋರಿಸಿರಲ್ಲ, ಅವ್ರು ಎಕ್ಸೆಲ್ ಶೀಟ್ ನೋಡ್ಕೊಂಡು ಬರೀತಾರೆ. "ಅಳಿಸ್ತಿದೆ" ಅಂದ್ರೆ ಯಾರಿಗೆ ಅರ್ಥ ಆಗಲ್ಲ ಹೇಳಿ? ಜೊತೆಗೆ ಎರಡು ಬಟನ್ ಅಕ್ಕಪಕ್ಕ ಇದ್ರೆ, ಹಿಡಿಯದೆ ಇದ್ದಾಗ ಒಂದರ ಕೆಳಗೊಂದು ಬರೋ ಹಾಗೆ ಮಾಡಿಡಿ, ಕನ್ನಡದಲ್ಲಿ ಅದು ಬೇಕಾಗೇ ಆಗತ್ತೆ.

ಇಲ್ಲಿ ತನಕ ಜಾಗ ಕಮ್ಮಿ ಇರೋರ ಗೋಳು. ಜಾಸ್ತಿ ಇದ್ರೆ ಏನ್ಮಾಡೋದು? 30×40 ಸೈಟಿಗೆ ಅಂತ ಹಾಕಿಸಿದ ಪ್ಲಾನನ್ನ 60×40 ಸೈಟಿಗೆ ತಗೊಂಡು ಹೋಗಿ ಎಲ್ಲಾನೂ ಅಡ್ಡಡ್ಡ ಎಳೆದು ಎರಡರಷ್ಟು ಅಗಲ ಮಾಡಿದ್ರೆ ಹೇಗಿರತ್ತೆ, ಬಚ್ಚಲುಮನೆ ಹನ್ನೆರಡು ಅಡಿ ಅಗಲ, ಬಾಗಿಲು ಆರಡಿ! ಯಾರೂ ಹಾಗೆ ಕಟ್ಟಲ್ಲ, ಇನ್ನೊಂದು ರೂಮು ತೆಗೀತಾರೆ, ಪಡಸಾಲೆ ಬಿಡ್ತಾರೆ. ಟ್ಯಾಬ್ಲೆಟ್ಟಲ್ಲಿ ಮಾತ್ರ ಫೋನ್ ಆಪನ್ನ ಎಳೆದು ಎಳೆದು ಈ ಅಂಚಿಂದ ಆ ಅಂಚಿಗೆ ಹೋಗೋ ಬಟನ್ ಮಾಡಿಡ್ತೀವಿ.

ಗೂಗಲ್ಲಿನವ್ರು ಇದಕ್ಕೆ ವಿಂಡೋ ಸೈಜ್ ಕ್ಲಾಸ್ ಅಂತ ಮಾಡಿದ್ದಾರೆ, ಅಗಲ 600 ಡಿಪಿಗಿಂತ ಕಮ್ಮಿ ಇದ್ರೆ ಕಾಂಪ್ಯಾಕ್ಟ್, 600ರಿಂದ 840ರೊಳಗೆ ಮೀಡಿಯಂ, 840ರಿಂದ 1200ರೊಳಗೆ ಎಕ್ಸ್‌ಪ್ಯಾಂಡೆಡ್, ಅದಕ್ಕೂ ಮೇಲೆ ಲಾರ್ಜ್, ಎಕ್ಸ್‌ಟ್ರಾ ಲಾರ್ಜ್. ನೆಟ್ಟಗೆ ಹಿಡ್ದಿರೋ ಫೋನು ಹೆಚ್ಚುಕಮ್ಮಿ ಎಲ್ಲಾ ಮೊದಲನೇದ್ರಲ್ಲಿ ಬರತ್ವೆ. ಅಗಲ ಸಿಕ್ಕಾಗ ಕೆಳಗಿನ ನ್ಯಾವಿಗೇಶನ್ ಪಟ್ಟಿ ಎಡಗಡೆ ಹೋಗಿ ನಿಲ್ಲತ್ತೆ, ಪಟ್ಟಿ ಒಂದು ಕಡೆ ವಿವರ ಇನ್ನೊಂದು ಕಡೆ ಬರತ್ತೆ. ಡೈರಿ ಸೆಕ್ರೆಟರಿ ಹತ್ರ ಒಂದು ಟ್ಯಾಬ್ಲೆಟ್ ಇದೆ, ಅದ್ರಲ್ಲಿ ಎಡಕ್ಕೆ ಹಾಲು ಹಾಕೋರ ಹೆಸರು, ಬಲಕ್ಕೆ ಅವ್ರ ಹದಿನೈದು ದಿನದ ಟೇಬಲ್ಲು, ಬಟವಾಡೆ ದಿನ ಒಂದೊಂದು ಹೆಸರು ಒತ್ತಿ ಹಿಂದಕ್ಕೆ ಬರೋ ಕೆಲಸ ಇಲ್ಲ.

ಆದ್ರೆ ಹೆಸರಲ್ಲೇ ಇದೆ ನೋಡಿ, "ವಿಂಡೋ" ಸೈಜ್, ಸ್ಕ್ರೀನ್ ಸೈಜ್ ಅಲ್ಲ. ಆಂಡ್ರಾಯ್ಡ್ 7ರಿಂದ ಸ್ಕ್ರೀನ್ ಎರಡು ಭಾಗ ಮಾಡ್ಬಹುದು, ಸೆಕ್ರೆಟರಿ ಅರ್ಧದಲ್ಲಿ ಕ್ಯಾಲ್ಕುಲೇಟರ್ ಇಟ್ಕೊಂಡ್ರೆ ದೊಡ್ಡ ಟ್ಯಾಬ್ಲೆಟ್ಟಲ್ಲೂ ನಮ್ಮ ಆಪಿಗೆ ಸಿಗೋದು ಫೋನಿನಷ್ಟೇ ಜಾಗ. ಕೋಡಲ್ಲಿ "ಈಸ್ ಟ್ಯಾಬ್ಲೆಟ್" ಅನ್ನೋ ಚೆಕ್ ಎಲ್ಲಾದ್ರೂ ಇದ್ರೆ ಇವತ್ತೇ ತೆಗೆದುಹಾಕಿ. ಇದ್ರ ತಿರುಗುಮುರುಗು ಕೂಡ ಇದೆ, ಫೋನನ್ನ ಅಡ್ಡ ಹಿಡಿದ್ರೆ ಅಗಲ 800 ಆಸುಪಾಸು ಹೋಗತ್ತೆ, ಲೇಔಟು "ಓ ಟ್ಯಾಬ್ಲೆಟ್ಟು" ಅಂತ ಎರಡು ಭಾಗ ತೋರಿಸತ್ತೆ, ಆದ್ರೆ ಎತ್ತರ ಬರೀ 360, ಕೀಬೋರ್ಡ್ ಎದ್ದುಬಂದ್ರೆ ಕಾಣೋದು ಒಂದೂವರೆ ಸಾಲು. ಹಾಗಾಗಿ ಎತ್ತರದ್ದೂ ಕ್ಲಾಸ್ ಇದೆ, 480ಕ್ಕಿಂತ ಕಮ್ಮಿ ಇದ್ರೆ ಕಾಂಪ್ಯಾಕ್ಟ್, ಅದನ್ನ ನೋಡದೆ ಅಗಲ ಒಂದನ್ನೇ ನಂಬಬೇಡಿ.

"ಇಷ್ಟೆಲ್ಲಾ ಯಾಕೆ, ನೆಟ್ಟಗೆ ಹಿಡಿಯೋ ಪೋರ್ಟ್ರೇಟಿಗೆ ಲಾಕ್ ಮಾಡ್ತೀನಿ" ಅನ್ನೋರಿಗೆ ಆ ದಾರೀನೂ ಮುಚ್ಚತಾ ಇದೆ, ಆಂಡ್ರಾಯ್ಡ್ 16ನ ಟಾರ್ಗೆಟ್ ಮಾಡಿದ್ರೆ ಕಿರಿದಾದ ಬದಿ 600 ಡಿಪಿ ಅಥವಾ ಅದಕ್ಕಿಂತ ಜಾಸ್ತಿ ಇರೋ ಸ್ಕ್ರೀನುಗಳಲ್ಲಿ ಸಿಸ್ಟಮ್ಮು ಸಾಮಾನ್ಯವಾಗಿ ನಿಮ್ಮ ಲಾಕನ್ನ ಲೆಕ್ಕಕ್ಕೇ ತಗೊಳಲ್ಲ, ಗೇಮುಗಳಿಗೆ ವಿನಾಯಿತಿ ಇದೆ. ಮಡಚೋ ಫೋನುಗಳು 2019ರ ಗ್ಯಾಲಕ್ಸಿ ಫೋಲ್ಡಿಂದ ಈಚೆಗೆ ಜಾಸ್ತಿ ಆಗಿವೆ, ಅಲ್ಲಿ ಆಪ್ ಓಡ್ತಿರೋವಾಗ್ಲೇ ಸ್ಕ್ರೀನ್ ಎರಡರಷ್ಟಾಗತ್ತೆ. ತೆಗೆದಾಗ ಲೇಔಟ್ ಬದಲಾಗೋದು ಸರಿ, ಆದ್ರೆ ಅರ್ಧ ಟೈಪ್ ಮಾಡಿದ್ದ ಲೀಟರ್ ನಂಬರ್ ಮಾಯ ಆಗ್ಬಾರ್ದು. ಸೈಜ್ ಬದಲಾದಾಗ ಆಂಡ್ರಾಯ್ಡು ಸಾಮಾನ್ಯವಾಗಿ ಆ ಪುಟಾನೇ ಕೆಡವಿ ಹೊಸದಾಗಿ ಕಟ್ಟತ್ತೆ, ಟೈಪ್ ಮಾಡಿದ್ದನ್ನ ವ್ಯೂ ಮಾಡೆಲಲ್ಲೋ, ಸೇವ್ ಆಗೋ ಸ್ಟೇಟಲ್ಲೋ ಇಟ್ಟಿದ್ರೆ ಉಳಿಯತ್ತೆ. ಮಾಮೂಲಿ ಫೋನನ್ನ ಒಂದ್ಸಲ ಅಡ್ಡ ತಿರುಗಿಸಿದ್ರೂ ಇದೇ ಕಥೆ.

ಬಟನ್ ಗೆಸ್ಚರ್ ಗೆರೆ ಅಡಿ ಸಿಕ್ಕಿದ್ದಕ್ಕೆ ಕಾರಣ ಸಣ್ಣದು. ಆಂಡ್ರಾಯ್ಡ್ 15ನ ಟಾರ್ಗೆಟ್ ಮಾಡಿದ್ರೆ ಆಂಡ್ರಾಯ್ಡ್ 15 ಅಥವಾ ಅದಕ್ಕಿಂತ ಹೊಸದು ಇರೋ ಫೋನುಗಳಲ್ಲಿ ಆಪು ಅಂಚಿಂದ ಅಂಚಿಗೆ ಬರತ್ತೆ, ಸ್ಟೇಟಸ್ ಬಾರ್ ಅಡೀಲೂ ನಮ್ಮದೇ ಜಾಗ, ಎಲ್ಲೆಲ್ಲಿ ಎಷ್ಟು ಬಿಡ್ಬೇಕು ಅಂತ ಇನ್‌ಸೆಟ್ ಅನ್ನೋ ನಂಬರು ಸಿಸ್ಟಮ್ ಕೊಡತ್ತೆ, ಅದನ್ನ ನಾನು ಕೇಳಿರ್ಲಿಲ್ಲ. ಐಫೋನಲ್ಲಿ 2017ರ ಐಫೋನ್ ಟೆನ್ನಿನ ನಾಚ್ (ಸ್ಕ್ರೀನಿನ ಮೇಲಂಚಿನ ಕಚ್ಚು) ಬಂದಾಗಿಂದ ಇದಕ್ಕೆ ಸೇಫ್ ಏರಿಯಾ ಅಂತಾರೆ. 24 ಡಿಪಿ, 48 ಡಿಪಿ ಅಂತ ಅಂದಾಜಿಗೆ ಬರೀಬೇಡಿ, ಫೋನಿಂದ ಫೋನಿಗೆ ಬೇರೆ ಇರತ್ತೆ.

ಟೆಸ್ಟ್ ಮಾಡೋಕೆ ಹತ್ತು ಫೋನ್ ಕೊಂಡ್ಕೋಬೇಕಾಗಿಲ್ಲ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಸೈಜ್ ಬದಲಾಗೋ ಎಮ್ಯುಲೇಟರ್ (ಕಂಪ್ಯೂಟರಲ್ಲೇ ಓಡೋ ನಕಲಿ ಫೋನು) ಇದೆ, ಕಂಪ್ಯೂಟರಿಂದ ಫೋನಿಗೆ ಕಮಾಂಡ್ ಕಳಿಸೋ ಎಡಿಬಿಲಿ ಡಬ್ಲ್ಯೂಎಂ ಡೆನ್ಸಿಟಿ ಅನ್ನೋ ಕಮಾಂಡಲ್ಲಿ ನಿಮ್ಮ ಫೋನನ್ನೇ ಚಿಕ್ಕಪ್ಪನ ಫೋನು ಮಾಡ್ಬಹುದು. ನನಗೆ ಅದಕ್ಕಿಂತ ಉಪಯೋಗ ಆಗಿದ್ದು ಇನ್ನೊಂದು, ನನ್ನ ಫೋನಲ್ಲಿ ಭಾಷೆ ಕನ್ನಡ, ಫಾಂಟ್ ದೊಡ್ಡದು, ಡಿಸ್‌ಪ್ಲೇ ಸೈಜ್ ದೊಡ್ಡದು ಮಾಡಿ ಎರಡು ದಿನ ಹಾಗೇ ಓಡಾಡ್ದೆ. ನನ್ನ ಆಪ್ ಬಿಡಿ, ಇನ್ನೂ ಎಷ್ಟೋ ಆಪುಗಳಲ್ಲಿ ಮುಂದುವರಿಯೋ ಬಟನ್ನೇ ಕಾಣ್ತಿರ್ಲಿಲ್ಲ, ಸ್ಕ್ರಾಲೂ ಆಗಲ್ಲ. ಪುಟ ಎಷ್ಟೇ ಚಿಕ್ಕದಿರ್ಲಿ ಸ್ಕ್ರಾಲ್ ಆಗೋ ಹಾಗೆ ಇಡ್ಬೇಕು ಅಂತ ಆಗ ಬುದ್ಧಿ ಬಂತು.

ಹೊಸ ವರ್ಶನ್ ಹಾಕ್ಕೊಂಡು ಮತ್ತೆ ಊರಿಗೆ ಹೋದೆ. ಚಿಕ್ಕಪ್ಪ ಕನ್ನಡಕ ಮೇಲಕ್ಕೇರಿಸಿ ಕಾರ್ಡುಗಳನ್ನ ಒಂದೊಂದಾಗಿ ಸರಿಸಿ ನೋಡಿದ್ರು, ದುಡ್ಡು ದೊಡ್ಡದಾಗಿ ಕಾಣ್ತಿತ್ತು, ಒಟ್ಟು ಅನ್ನೋದು ಒತ್ತಿನ ಸಮೇತ ಇತ್ತು. "ಈಗ ಸರಿಯಾಗಿ ಕಾಣ್ತದೆ" ಅಂದ್ರು, ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಕಾರ್ಡಿನ ಮೇಲೆ ಬೆರಳಿಟ್ಟು, "ಮೊನ್ನೆ ಸಾಯಂಕಾಲದ ಫ್ಯಾಟ್ ಯಾಕ್ಲಾ 3.4 ಬಂದದೆ, ಇದೂ ನಿನ್ ಆಪಿಂದೇ ತಪ್ಪಾ?"